‘ಎಲ್ಲಿ?’ ಎಂಬ ಪ್ರಶ್ನೆಗೆ ಸಾಕ್ಷಿ ನುಡಿಯುವ ನಕ್ಷೆಗಳು

(ಪತ್ರಿಕಾ ದಿನಾಚರಣೆಯ ಪ್ರಯುಕ್ತ ಏರ್ಪಡಿಸಲಾದ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಭಾಷಣದ ಬರಹ ರೂಪ)



ಕನ್ನಡದ ಪ್ರಥಮ ಪತ್ರಿಕೆ ‘ಮಂಗಳೂರ ಸಮಾಚಾರ’ವು 1843ರ ಜುಲೈ 1ರಂದು ಪ್ರಕಟವಾಯಿತು. ಅದರ ನೆನಪಿನಲ್ಲಿ ಪತ್ರಿಕಾ ದಿನವನ್ನು ಆಚರಿಸುವ ನಾವು ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ, ಪತ್ರಕರ್ತರ ಕಷ್ಟನಷ್ಟಗಳ ಬಗ್ಗೆ ಸಾಕಷ್ಟು ಮಾತಾಡುತ್ತೇವೆ. ಇಂದು ಸ್ವಲ್ಪ ಭಿನ್ನವಾದ ಒಂದು ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಅದು ನಕ್ಷೆಯ ಕುರಿತಾದದ್ದು. ಶಾಲೆಯ ಗೋಡೆಯಲ್ಲಿ ತೂಗುವ ನಕ್ಷೆಯಲ್ಲ. ಕಂಪ್ಯೂಟರಿನ ಮತ್ತು ಮೊಬೈಲಿನ ಪರದೆಯ ಮೇಲೆ ನಾವು ಹಿಗ್ಗಿಸಿ, ಕುಗ್ಗಿಸಿ, ಬೆರಳಿನಿಂದ ಒತ್ತಿ ನೋಡುವ ನಕ್ಷೆ.

ಸುದ್ದಿಯೆಂದರೆ ಯಾರು, ಏನು, ಯಾವಾಗ, ಎಲ್ಲಿ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಉತ್ತರ ಎಂದು ಪತ್ರಿಕೋದ್ಯಮದ ಮೊದಲ ಪಾಠದಲ್ಲೇ ಕಲಿಸಲಾಗುತ್ತದೆ. ಇವುಗಳ ಪೈಕಿ ‘ಎಲ್ಲಿ’ ಎಂಬುದಕ್ಕೆ ನಾವು ಕೊಡುವ ಗಮನ ಅತ್ಯಲ್ಪ. ಊರಿನ ಹೆಸರು ಬರೆದರೆ ಅದರ ಕೆಲಸ ಮುಗಿಯಿತು. ಆದರೆ ಸ್ವಲ್ಪ ಯೋಚಿಸಿ ನೋಡಿ. ಅನ್ಯಾಯವೆಸಗಿದವರು ‘ಯಾರು’ ಎಂಬುದನ್ನು ಅಲ್ಲಗಳೆಯಬಹುದು. ‘ಏಕೆ’ ಎಂಬುದಕ್ಕೆ ನೂರು ನೆಪ ಹೇಳಬಹುದು. ‘ಏನೂ ನಡೆದೇ ಇಲ್ಲ’ ಎಂದೂ ವಾದಿಸಬಹುದು. ಆದರೆ ನೆಲ ಮಾತ್ರ ಇದ್ದಲ್ಲೇ ಇರುತ್ತದೆ. ಬೆಟ್ಟವನ್ನು ಪಕ್ಕದ ಜಿಲ್ಲೆಗೆ ಸ್ಥಳಾಂತರಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಅಗೆದ ಗುಂಡಿಯನ್ನು ರಾತ್ರೋರಾತ್ರಿ ಮುಚ್ಚಿದರೂ ಅದರ ಹಳೆಯ ಚಿತ್ರ ಉಪಗ್ರಹದ ಸಂಗ್ರಹದಲ್ಲಿ ಉಳಿದಿರುತ್ತದೆ. ಆದ್ದರಿಂದಲೇ ಇಂದಿನ ತನಿಖಾ ಪತ್ರಿಕೋದ್ಯಮವು ನಕ್ಷೆಯನ್ನು ಅಲಂಕಾರದ ಸ್ಥಾನದಿಂದ ಎಬ್ಬಿಸಿ ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿದೆ.

ಇದರ ಬೇರು ಹಳೆಯದು. 1854ರ ಆಗಸ್ಟ್ ಅಂತ್ಯದಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಭುಗಿಲೆದ್ದಿತು. ಆರುನೂರಕ್ಕೂ ಅಧಿಕ ಮಂದಿ ಪ್ರಾಣ ಕಳಕೊಂಡರು. ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆ ಎಂಬುದು ಅಂದಿನ ವೈದ್ಯಲೋಕದ ದೃಢ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯರಿಗೆ ನೀರಿನ ಮೇಲೆ ಸಂಶಯ. ಅವರು ಮನೆಮನೆಗೆ ಹೋಗಿ ವಿಚಾರಿಸಿದರು. ಸಾವು ಸಂಭವಿಸಿದ ಪ್ರತಿಯೊಂದು ಮನೆಯನ್ನೂ ನಕ್ಷೆಯಲ್ಲಿ ಕಪ್ಪು ಗೆರೆಗಳಿಂದ ಗುರುತಿಸಿದಾಗ ಆ ಗೆರೆಗಳು ಬ್ರಾಡ್ ಸ್ಟ್ರೀಟಿನ ಒಂದು ಸಾರ್ವಜನಿಕ ಪಂಪಿನ ಸುತ್ತ ದಟ್ಟವಾಗಿ ಗುಂಪುಗೂಡಿದ್ದವು.

ಈ ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಲಾಗುತ್ತದೆ. ಆದರೆ ಸ್ನೋ ಅವರ ಹಿರಿಮೆ ಅದರಾಚೆಗಿದೆ. ತನ್ನ ವಾದಕ್ಕೆ ಹೊಂದದ ಮನೆಗಳನ್ನು ಅವರು ಹುಡುಕಿಕೊಂಡು ಹೋದರು. ಪಂಪಿನ ಸನಿಹದಲ್ಲೇ ಇದ್ದ ಅನಾಥಾಲಯದಂತಹ ಬಡವರ ವಸತಿಯಲ್ಲಿ 500ಕ್ಕೂ ಹೆಚ್ಚು ಜನರಿದ್ದರೂ ಸತ್ತವರು ಕೇವಲ ಐವರು. ಏಕೆ? ಅಲ್ಲಿ ಬೇರೆಯೇ ಬಾವಿ ಇತ್ತು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಓರ್ವ ವಿಧವೆ ಅದೇ ರೋಗದಿಂದ ಸತ್ತಿದ್ದರು. ಏಕೆ? ಆಕೆ ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿ ವಾಸವಿದ್ದವರು; ಆ ಪಂಪಿನ ನೀರಿನ ರುಚಿಗೆ ಒಗ್ಗಿಹೋಗಿದ್ದ ಕಾರಣ ದಿನಾಲೂ ಅಲ್ಲಿಂದಲೇ ನೀರು ತರಿಸಿ ಕುಡಿಯುತ್ತಿದ್ದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ನಕ್ಷೆಯ ಚುಕ್ಕಿಯು ಪ್ರಶ್ನೆಯನ್ನು ಎತ್ತುತ್ತದೆ, ಉತ್ತರಕ್ಕೆ ಬೀದಿಗಿಳಿದು ಬಾಗಿಲು ತಟ್ಟಲೇಬೇಕು ಎಂಬ ಪಾಠವು ಅಂದಿನಿಂದ ಇಂದಿನ ತನಕ ಬದಲಾಗಿಲ್ಲ.

ಬದಲಾದದ್ದು ನಕ್ಷೆ ಯಾರ ಕೈಯಲ್ಲಿದೆ ಎಂಬುದು. ಶತಮಾನಗಳ ಕಾಲ ನಕ್ಷೆಯು ದೊರೆಗಳ, ಸೇನಾಪತಿಗಳ ಮತ್ತು ಕಂದಾಯ ವಸೂಲಿ ಮಾಡುವವರ ಸೊತ್ತಾಗಿತ್ತು. 2004ರಲ್ಲಿ ಜನರೇ ಸೇರಿ ರಚಿಸುವ ಓಪನ್ ಸ್ಟ್ರೀಟ್ ಮ್ಯಾಪ್ ಆರಂಭವಾಯಿತು. 2005ರಲ್ಲಿ ಗೂಗಲ್ ಮ್ಯಾಪ್ಸ್ ಮತ್ತು ಗೂಗಲ್ ಅರ್ಥ್ ಬಂದವು. ಅದೇ ವರ್ಷ ಏಡ್ರಿಯನ್ ಹೊಲೊವಾಟಿ ಎಂಬ ಪತ್ರಕರ್ತರು ಷಿಕಾಗೋ ನಗರದ ಪೊಲೀಸ್ ಇಲಾಖೆಯ ಅಪರಾಧ ದಾಖಲೆಗಳನ್ನು ಬೀದಿ ಬೀದಿಯಾಗಿ ನಕ್ಷೆಯ ಮೇಲೆ ಕೂರಿಸಿ, ನಾಗರಿಕರು ತಮ್ಮ ಬೀದಿಯನ್ನು ತಾವೇ ನೋಡಿಕೊಳ್ಳುವಂತೆ ಮಾಡಿದರು. ಇಂದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಭೂಮಿಯ ಹೆಚ್ಚಿನೆಲ್ಲ ನೆಲಭಾಗಗಳ ಚಿತ್ರವನ್ನು ಸುಮಾರು ಐದು ದಿನಗಳಿಗೊಮ್ಮೆ ತೆಗೆದು ಯಾರಿಗೂ ಉಚಿತವಾಗಿ ಕೊಡುತ್ತವೆ. ನಮ್ಮ ದೇಶದಲ್ಲಿಯೂ ನಕ್ಷೆ ರಚಿಸಲು, ಪ್ರಕಟಿಸಲು ಇದ್ದ ಪೂರ್ವಾನುಮತಿಯ ಕಟ್ಟುಪಾಡುಗಳನ್ನು 2021ರ ಫೆಬ್ರವರಿಯ ಮಾರ್ಗಸೂಚಿಗಳು ಭಾರತೀಯರ ಮಟ್ಟಿಗೆ ಬಹುತೇಕ ಸಡಿಲಿಸಿದವು. ಅರ್ಥಾತ್, ಹಿಂದೆ ಗುಪ್ತಚರ ಇಲಾಖೆಗಳಿಗೆ ಮಾತ್ರ ಕಾಣುತ್ತಿದ್ದ ಬಹಳಷ್ಟು ದೃಶ್ಯಗಳು ಇಂದು ಕಾಲೇಜು ವಿದ್ಯಾರ್ಥಿನಿಗೂ ಕಾಣುತ್ತವೆ.

ಇದರಿಂದ ಮರ್ದಿತರಿಗೆ ಏನು ಪ್ರಯೋಜನವಾಯಿತು? ಕೆಲವು ಘಟನೆಗಳ ಮೂಲಕವೇ ಇದನ್ನು ನೋಡೋಣ.

2007ರ ಡಿಸೆಂಬರ್ 27ರಂದು ಕೆನ್ಯಾದಲ್ಲಿ ಚುನಾವಣೆ ನಡೆಯಿತು. ಫಲಿತಾಂಶದ ವಿವಾದವು ಜನಾಂಗೀಯ ಹಿಂಸಾಚಾರಕ್ಕೆ ತಿರುಗಿತು. ಸಾವಿರದ ನೂರಕ್ಕೂ ಹೆಚ್ಚು ಮಂದಿ ಹತರಾದರು, ಲಕ್ಷಾಂತರ ಜನರು ಮನೆಮಠ ತೊರೆದರು. ಸರಕಾರವು ನೇರ ಪ್ರಸಾರಕ್ಕೆ ನಿಷೇಧ ಹೇರಿತು. ಆಗ ಓರಿ ಒಕೊಲ್ಲೊ ಎಂಬ ಕೆನ್ಯಾದ ವಕೀಲೆಯೊಬ್ಬರು, ಎಲ್ಲೆಲ್ಲಿ ಏನೇನು ನಡೆಯುತ್ತಿದೆಯೆಂಬುದನ್ನು ಜನರೇ ತಿಳಿಸುವಂತಹ ಒಂದು ನಕ್ಷೆ ಬೇಕೆಂದು ಕರೆ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆಯ ಗೆಳೆಯರು ಅದನ್ನು ನಿರ್ಮಿಸಿದರು. ಜನರು ಮೊಬೈಲ್ ಸಂದೇಶದ ಮೂಲಕ ಕಳುಹಿಸಿದ ವರದಿಗಳನ್ನು ಸಾಧ್ಯವಾದಷ್ಟು ಪರಿಶೀಲಿಸಿ ನಕ್ಷೆಯಲ್ಲಿ ಗುರುತಿಸಲಾಯಿತು. ಅದಕ್ಕೆ ಅವರಿಟ್ಟ ಹೆಸರು ‘ಉಶಾಹಿದಿ’. ಸ್ವಾಹಿಲಿ ಭಾಷೆಯಲ್ಲಿ ಇದರ ಅರ್ಥ ಸಾಕ್ಷ್ಯ. ಅರಬಿಯ ‘ಶಹಾದತ್’, ‘ಶಾಹಿದ್’ ಎಂಬ ಪದಗಳು ನಮ್ಮ ಮನೆಗಳ ಮಕ್ಕಳಿಗೂ ಪರಿಚಿತವಷ್ಟೆ. ಆಫ್ರಿಕಾದ ಕರಾವಳಿಗೆ ವ್ಯಾಪಾರಿಗಳೊಂದಿಗೆ ಸಾಗಿದ ಅದೇ ಮೂಲದ ಪದವಿದು. ನಕ್ಷೆಗೆ ಇದಕ್ಕಿಂತ ಸೂಕ್ತವಾದ ಹೆಸರು ಬೇರೊಂದಿಲ್ಲ ಎಂದು ನಾವು ಭಾವಿಸುತ್ತೇವೆ. ಏಕೆಂದರೆ ಸಾಕ್ಷ್ಯವೆಂಬುದು ಹಕ್ಕು ಹೇಗೋ ಹಾಗೆಯೇ ಹೊಣೆಯೂ ಹೌದು. ಸುಳ್ಳು ಸಾಕ್ಷಿ ನುಡಿಯುವುದು ಎಂತಹ ಅಪರಾಧವೆಂದು ತಮಗೆ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಘಟನೆ. 2018ರ ಜುಲೈಯಲ್ಲಿ ಒಂದು ಭೀಕರ ವೀಡಿಯೊ ಹರಡಿತು. ಸಮವಸ್ತ್ರಧಾರಿಗಳು ಇಬ್ಬರು ಮಹಿಳೆಯರನ್ನೂ ಇಬ್ಬರು ಪುಟ್ಟ ಮಕ್ಕಳನ್ನೂ ಮಣ್ಣುದಾರಿಯಲ್ಲಿ ನಡೆಸಿಕೊಂಡು ಹೋಗಿ ಗುಂಡಿಕ್ಕಿ ಕೊಲ್ಲುವ ದೃಶ್ಯವದು. ಆಫ್ರಿಕಾದ ಕ್ಯಾಮರೂನ್ ದೇಶದ ಸೈನಿಕರು ಎಂಬ ಆರೋಪ ಬಂದಾಗ ಅಲ್ಲಿನ ಸರಕಾರ ಅದನ್ನು ಸುಳ್ಳು ಸುದ್ದಿಯೆಂದು ತಳ್ಳಿಹಾಕಿತು. ಬಿಬಿಸಿಯ ‘ಆಫ್ರಿಕಾ ಐ’ ತಂಡವು ವೀಡಿಯೊದ ಹಿನ್ನೆಲೆಯಲ್ಲಿ ಕಾಣುವ ಬೆಟ್ಟಸಾಲಿನ ಏರಿಳಿತವನ್ನು ಗೂಗಲ್ ಅರ್ಥ್‌ನ ಬೆಟ್ಟಸಾಲುಗಳೊಂದಿಗೆ ತಾಳೆ ನೋಡಿತು. ಕ್ಯಾಮರೂನಿನ ಉತ್ತರದ ತುದಿಯಲ್ಲಿರುವ ಝೆಲೆವೆಟ್ ಎಂಬ ಊರಿನ ಬಳಿಯ ಬೆಟ್ಟಸಾಲು ಅದಕ್ಕೆ ಹೊಂದಿಕೆಯಾಯಿತು. ಮರಗಳು, ಮನೆಗಳು, ಕಾಲುದಾರಿ ಎಲ್ಲವೂ ಉಪಗ್ರಹ ಚಿತ್ರದೊಂದಿಗೆ ಸರಿಹೊಂದಿದವು.

ಇನ್ನು ‘ಯಾವಾಗ’? ವೀಡಿಯೊದಲ್ಲಿದ್ದ ಒಂದು ಗೋಡೆಯ ಕಟ್ಟಡ ಯಾವ ವರ್ಷದ ತನಕ ಉಪಗ್ರಹ ಚಿತ್ರಗಳಲ್ಲಿದೆ, ಕಾಲುದಾರಿ ಯಾವ ಋತುವಿನಲ್ಲಿ ಮಾತ್ರ ಕಾಣುತ್ತದೆ ಎಂಬುದನ್ನು ನೋಡಿದರು. ನಡೆಯುತ್ತಿರುವ ಸೈನಿಕನ ನೆರಳಿನ ಉದ್ದ ಮತ್ತು ದಿಕ್ಕನ್ನು ಅಳೆದು, ಸೂರ್ಯನ ಸ್ಥಾನವನ್ನು ಲೆಕ್ಕ ಹಾಕಿದರು. 2015ರ ಮಾರ್ಚ್ 20 ಮತ್ತು ಎಪ್ರಿಲ್ 5ರ ನಡುವೆ ಈ ಕೃತ್ಯ ನಡೆದಿದೆ ಎಂಬ ನಿರ್ಣಯಕ್ಕೆ ಬಂದರು. ಜಗತ್ತಿನ ಆಕ್ರೋಶ ಹೆಚ್ಚಿದಂತೆ ಸರಕಾರವು ಏಳು ಸೈನಿಕರನ್ನು ಬಂಧಿಸಿತು. 2020ರ ಸೆಪ್ಟೆಂಬರಿನಲ್ಲಿ ಸೇನಾ ನ್ಯಾಯಾಲಯವು ಅವರಲ್ಲಿ ನಾಲ್ವರಿಗೆ ಹತ್ತು ವರ್ಷಗಳ ಸಜೆ ವಿಧಿಸಿತು. ಆ ತಾಯಂದಿರ ಪರವಾಗಿ ನುಡಿಯಲು ಅಲ್ಲಿ ಯಾರೂ ಉಳಿದಿರಲಿಲ್ಲ. ಅವರ ಹಿಂದೆ ನಿಂತಿದ್ದ ಬೆಟ್ಟ ಸಾಕ್ಷಿ ನುಡಿಯಿತು.

ಫೆಲೆಸ್ತೀನಿನ ಜೆನೀನ್‌ನಲ್ಲಿ 2022ರ ಮೇ 11ರಂದು ಅಲ್ ಜಝೀರಾದ ಹಿರಿಯ ವರದಿಗಾರ್ತಿ ಶಿರೀನ್ ಅಬೂ ಅಕ್ಲ ಗುಂಡೇಟಿನಿಂದ ಮಡಿದರು. ಫೆಲೆಸ್ತೀನಿ ಬಂದೂಕುಧಾರಿಗಳ ಗುಂಡು ತಗಲಿರಬಹುದೆಂದು ಬಿಂಬಿಸಲು ಇಸ್ರೇಲಿನ ಅಧಿಕಾರಸ್ಥರು ಒಂದು ವೀಡಿಯೊವನ್ನು ಹಂಚಿದರು. ಓರ್ವ ಬಂದೂಕುಧಾರಿ ಓಣಿಯೊಂದರಲ್ಲಿ ಗುಂಡು ಹಾರಿಸುವ ದೃಶ್ಯ ಅದರಲ್ಲಿತ್ತು. ಇಸ್ರೇಲಿನದ್ದೇ ಆದ ಬಿತ್ಸೆಲೆಮ್ ಎಂಬ ಮಾನವ ಹಕ್ಕು ಸಂಘಟನೆಯ ಕಾರ್ಯಕರ್ತರು ಅದೇ ದಿನ ಆ ಓಣಿಗೆ ಹೋಗಿ, ಎರಡೂ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿ, ಆ ಓಣಿಯಿಂದ ಹಾರಿದ ಗುಂಡು ಶಿರೀನ್ ಬಿದ್ದ ಸ್ಥಳವನ್ನು ತಲುಪಲು ಸಾಧ್ಯವೇ ಇಲ್ಲವೆಂದು ತೋರಿಸಿಕೊಟ್ಟರು. ಬಳಿಕ ಹಲವು ಮಾಧ್ಯಮ ಸಂಸ್ಥೆಗಳು ಪ್ರತ್ಯೇಕವಾಗಿ ಸ್ಥಳದ ಮರುರಚನೆ ಮಾಡಿ, ಗುಂಡು ಬಂದುದು ಇಸ್ರೇಲಿ ಸೈನಿಕರಿದ್ದ ದಿಕ್ಕಿನಿಂದ ಎಂದು ವರದಿ ಮಾಡಿದವು. ಕೊನೆಗೆ ಸೆಪ್ಟೆಂಬರ್ 5ರಂದು ಇಸ್ರೇಲಿ ಸೇನೆಯು ತನ್ನ ಸೈನಿಕನ ಗುಂಡು ಆಕಸ್ಮಿಕವಾಗಿ ತಗಲಿರುವ ಸಾಧ್ಯತೆ ಹೆಚ್ಚೆಂದು ಒಪ್ಪಬೇಕಾಯಿತು. ಯಾರನ್ನೂ ಶಿಕ್ಷಿಸಲಾಗಲಿಲ್ಲ ಎಂಬುದು ಬೇರೆ ಮಾತು. ನಕ್ಷೆಯು ಸತ್ಯವನ್ನು ತೋರಿಸಬಲ್ಲದು, ನ್ಯಾಯ ಕೊಡಿಸುವ ಶಕ್ತಿ ಅದಕ್ಕಿಲ್ಲ.

ಇನ್ನು, ನಕ್ಷೆಯಲ್ಲಿ ಏನಿದೆಯೋ ಅದು ಮಾತ್ರವಲ್ಲ, ಏನಿಲ್ಲವೋ ಅದೂ ಸಾಕ್ಷಿಯಾಗಬಲ್ಲದು ಎಂಬುದಕ್ಕೆ ಚೀನಾದ ಕ್ಸಿನ್‌ಜಿಯಾಂಗ್ ಪ್ರಾಂತ್ಯದ ಪ್ರಕರಣಕ್ಕಿಂತ ದೊಡ್ಡ ನಿದರ್ಶನವಿಲ್ಲ. ಅಲ್ಲಿನ ಉಯಿಘರ್ ಮತ್ತಿತರ ಮುಸ್ಲಿಮ್ ಸಮುದಾಯಗಳ ಜನರನ್ನು 2017ರಿಂದ ಭಾರೀ ಪ್ರಮಾಣದಲ್ಲಿ ಕೂಡಿಹಾಕಲಾಗುತ್ತಿದೆ ಎಂಬ ವರದಿಗಳಿದ್ದವು. ಚೀನಾ ಮೊದಲು ಅದನ್ನು ನಿರಾಕರಿಸಿತು. ಆಮೇಲೆ ಅವು ವೃತ್ತಿ ತರಬೇತಿ ಕೇಂದ್ರಗಳೆಂದಿತು. ಭಾರತೀಯ ಮೂಲದ ಪತ್ರಕರ್ತೆ ಮೇಘಾ ರಾಜಗೋಪಾಲನ್ ಅವರು ಅಂತಹ ಕೇಂದ್ರವೊಂದನ್ನು ಮೊದಲೇ ಹೊರಗಿನಿಂದ ಕಂಡು ವರದಿ ಮಾಡಿದ್ದರು. 2018ರಲ್ಲಿ ಚೀನಾ ಅವರ ವೀಸಾ ನವೀಕರಿಸಲಿಲ್ಲ. ದೇಶದೊಳಗೆ ಕಾಲಿಡಲಾಗದವರು ತನಿಖೆ ನಡೆಸುವುದು ಹೇಗೆ?

ಅವರೊಂದಿಗೆ ಆಲಿಸನ್ ಕಿಲ್ಲಿಂಗ್ ಎಂಬ ವಾಸ್ತುಶಿಲ್ಪಿಯೂ ಕ್ರಿಸ್ಟೋ ಬುಶೆಕ್ ಎಂಬ ಕಂಪ್ಯೂಟರ್ ತಜ್ಞರೂ ಸೇರಿದರು. ಚೀನಾದ ‘ಬೈದು’ ನಕ್ಷೆಯಲ್ಲಿ, ಈಗಾಗಲೇ ತಿಳಿದಿದ್ದ ಒಂದು ಬಂಧನ ಕೇಂದ್ರದ ಸ್ಥಳವನ್ನು ಹಿಗ್ಗಿಸಿ ನೋಡಿದಾಗ ಅಲ್ಲಿ ಉಪಗ್ರಹ ಚಿತ್ರದ ಬದಲು ಒಂದು ಬರಿಯ ಬೂದು ಚೌಕ ಕಾಣಿಸಿತು. ತಿಳಿದಿದ್ದ ಇತರ ಕೇಂದ್ರಗಳ ಸ್ಥಳದಲ್ಲಿಯೂ ಅದೇ ಬೂದು ಚೌಕ. ಜಗತ್ತು ನೋಡಬಾರದೆಂದು ಮುಚ್ಚಿದ ಮುಸುಕೇ ಎಲ್ಲಿ ನೋಡಬೇಕೆಂಬುದನ್ನು ತೋರಿಸಿಕೊಟ್ಟಿತು! ಅವರು ಪ್ರಾಂತ್ಯದುದ್ದಕ್ಕೂ ಅಂತಹ ಖಾಲಿ ಚೌಕಗಳನ್ನು ಪಟ್ಟಿ ಮಾಡಿ, ಅದೇ ಸ್ಥಳಗಳನ್ನು ಗೂಗಲ್ ಅರ್ಥ್ ಮುಂತಾದ ಬೇರೆ ಮೂಲಗಳ ಉಪಗ್ರಹ ಚಿತ್ರಗಳಲ್ಲಿ ಒಂದೊಂದಾಗಿ ಪರೀಕ್ಷಿಸಿದರು. ಸೇನಾ ನೆಲೆ, ವಿದ್ಯುತ್ ಸ್ಥಾವರ ಇತ್ಯಾದಿಗಳೂ ಆ ಮುಸುಕಿನೊಳಗಿದ್ದವು, ಅವುಗಳನ್ನು ಬೇರ್ಪಡಿಸಿದರು. ದಪ್ಪ ಗೋಡೆ, ಕಾವಲು ಗೋಪುರ, ಮುಳ್ಳುತಂತಿಯ ಒಳಪ್ರಾಕಾರಗಳಿದ್ದ ಕಟ್ಟಡಗಳನ್ನು ಗುರುತಿಸಿದರು. 2017ರ ಬಳಿಕ ನಿರ್ಮಾಣಗೊಂಡ 260ಕ್ಕೂ ಅಧಿಕ ಕೋಟೆಯಂತಹ ಸಂಕೀರ್ಣಗಳು ಪತ್ತೆಯಾದವು. ಈಗ ಮುಚ್ಚಿಹೋಗಿರುವ ಬಝ್‌ಫೀಡ್ ನ್ಯೂಸ್ ಇದನ್ನು 2020ರ ಆಗಸ್ಟ್‌ನಿಂದ ಪ್ರಕಟಿಸಿತು. 2021ರಲ್ಲಿ ಈ ಮೂವರಿಗೆ ಪುಲಿಟ್ಝರ್ ಪ್ರಶಸ್ತಿ ಲಭಿಸಿತು.

ಇಲ್ಲಿಯೂ ಸ್ನೋ ಅವರ ಪಾಠವೇ ಇದೆ. ಆಕಾಶದಿಂದ ಕಾಣುವುದು ಗೋಡೆ ಮಾತ್ರ. ಗೋಡೆಯೊಳಗಿನ ಹಸಿವು, ಅವಮಾನ, ಮಗುವಿನ ನೆನಪಿನಲ್ಲಿ ಅಳುವ ತಾಯಿ ಉಪಗ್ರಹಕ್ಕೆ ಕಾಣಿಸದು. ಆದ್ದರಿಂದ ಮೇಘಾ ಅವರು ನೆರೆಯ ಕಝಾಕಿಸ್ತಾನಕ್ಕೆ ತೆರಳಿ, ಅಲ್ಲಿಗೆ ಪಾರಾಗಿ ಬಂದಿದ್ದ ಮಾಜಿ ಬಂಧಿತರೊಂದಿಗೆ ಮಾತನಾಡಿದರು. ಅವರು ನೆನಪಿನಿಂದ ವಿವರಿಸಿದ ಕೋಣೆ, ಅಂಗಳ, ಗೇಟುಗಳು ಚಿತ್ರದೊಂದಿಗೆ ತಾಳೆಯಾದವು. ಮನುಷ್ಯನ ಮಾತು ಮತ್ತು ನೆಲದ ಚಿತ್ರ ಒಂದನ್ನೊಂದು ಎತ್ತಿ ಹಿಡಿದಾಗ ಅದನ್ನು ಅಲ್ಲಗಳೆಯುವುದು ಸುಲಭವಲ್ಲ. 2022ರ ಆಗಸ್ಟ್ 31ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು ಪ್ರಕಟಿಸಿದ ವರದಿಯೂ, ಅಲ್ಲಿ ನಡೆದಿರುವುದು ಮಾನವತೆಯ ವಿರುದ್ಧದ ಅಪರಾಧವೆನಿಸಬಹುದು ಎಂದು ಹೇಳಿತು.

ಸಹೋದರರೇ, ಇಷ್ಟನ್ನು ಕೇಳಿ ನಕ್ಷೆಯೆಂದರೆ ಸದಾ ನ್ಯಾಯದ ಪಕ್ಷದಲ್ಲಿರುತ್ತದೆ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪಾದೀತು. ಅದೇ ಆಯುಧ ಪ್ರಭುತ್ವದ ಕೈಯಲ್ಲಿಯೂ ಇದೆ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ನ್ಯೂಯಾರ್ಕ್ ಪೊಲೀಸರು ‘ಜನಸಂಖ್ಯಾ ಘಟಕ’ವೆಂಬ ರಹಸ್ಯ ವಿಭಾಗವೊಂದನ್ನು ರಚಿಸಿದ್ದರು. ಮುಸ್ಲಿಮರು ಎಲ್ಲಿ ವಾಸಿಸುತ್ತಾರೆ, ಎಲ್ಲಿ ಚಹಾ ಕುಡಿಯುತ್ತಾರೆ, ಯಾವ ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಾರೆ, ಯಾವ ಮಸೀದಿಗೆ ಹೋಗುತ್ತಾರೆ ಎಂಬುದನ್ನೆಲ್ಲ ನಕ್ಷೆಗಿಳಿಸುವುದು ಅದರ ಕೆಲಸ. ಯಾವ ಅಪರಾಧದ ಸುಳಿವೂ ಅದಕ್ಕೆ ಬೇಕಿರಲಿಲ್ಲ. ಮೂಲದೇಶ ಮತ್ತು ಧರ್ಮವೇ ಸಾಕಿತ್ತು. ಅಸೋಸಿಯೇಟೆಡ್ ಪ್ರೆಸ್‌ನ ವರದಿಗಾರರು 2011ರ ಆಗಸ್ಟ್‌ನಿಂದ ಇದನ್ನು ಬಯಲಿಗೆಳೆದರು. 2012ರಲ್ಲಿ ಅವರಿಗೂ ಪುಲಿಟ್ಝರ್ ಬಂತು. ಈ ಘಟಕದ ಕೆಲಸದಿಂದ ಆರು ವರ್ಷಗಳಲ್ಲಿ ಭಯೋತ್ಪಾದನೆಯ ಒಂದೇ ಒಂದು ಪ್ರಕರಣದ ಸುಳಿವೂ ಸಿಕ್ಕಿರಲಿಲ್ಲವೆಂದು ಗುಪ್ತಚರ ವಿಭಾಗದ ಮುಖ್ಯಸ್ಥರೇ ಪ್ರಮಾಣೀಕರಿಸಿ ಹೇಳಿದರು. 2014ರ ಎಪ್ರಿಲ್‌ನಲ್ಲಿ ಘಟಕವನ್ನು ವಿಸರ್ಜಿಸಲಾಯಿತು. ಆದರೆ ತನ್ನ ಚಹಾದಂಗಡಿಯು ಪೊಲೀಸ್ ನಕ್ಷೆಯಲ್ಲಿ ಒಂದು ಚುಕ್ಕಿಯಾಗಿತ್ತೆಂದು ಅರಿತ ಮನುಷ್ಯನಿಗೆ ನೆರೆಯವನ ಮೇಲಿದ್ದ ವಿಶ್ವಾಸವನ್ನು ಮರಳಿ ಕೊಟ್ಟವರಾರು?

ಪತ್ರಿಕೆಗಳೂ ಇಂತಹ ತಪ್ಪಿನಿಂದ ಹೊರತಲ್ಲ. 2012ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ‘ಜರ್ನಲ್ ನ್ಯೂಸ್’ ಎಂಬ ದೈನಿಕವು ಬಂದೂಕು ಪರವಾನಿಗೆ ಹೊಂದಿದವರ ಹೆಸರು ಮತ್ತು ಮನೆವಿಳಾಸಗಳನ್ನು ನಕ್ಷೆಯಲ್ಲಿ ಪ್ರಕಟಿಸಿತು. ದಾಖಲೆಗಳು ಸಾರ್ವಜನಿಕವಾಗಿದ್ದವು, ಕಾನೂನು ಮುರಿದಿರಲಿಲ್ಲ. ಆದರೂ ಜನಾಕ್ರೋಶ ಎಷ್ಟಿತ್ತೆಂದರೆ ಮುಂದಿನ ತಿಂಗಳು ಆ ನಕ್ಷೆಯನ್ನು ಹಿಂತೆಗೆಯಬೇಕಾಯಿತು. ಮನೆಯೊಂದರ ಮೇಲೆ ಚುಕ್ಕಿ ಇಡುವುದೆಂದರೆ ಆ ಮನೆಯತ್ತ ಬೆರಳು ತೋರಿಸುವುದು. ಅಧಿಕಾರಸ್ಥರತ್ತ ತೋರಿಸುವ ಬೆರಳಿಗೂ ನಿರಪರಾಧಿ ಕುಟುಂಬದತ್ತ ತೋರಿಸುವ ಬೆರಳಿಗೂ ಇರುವ ಅಂತರವನ್ನು ಪತ್ರಕರ್ತ ಅರಿತಿರಬೇಕು. ಕಚೇರಿ, ಗಣಿ, ಕಾರ್ಖಾನೆ, ಸೇನಾ ಶಿಬಿರಗಳನ್ನು ಕರಾರುವಾಕ್ಕಾಗಿ ಗುರುತಿಸಿ. ಸಂತ್ರಸ್ತೆಯ ಮನೆಯನ್ನೂ, ಮಾಹಿತಿ ಕೊಟ್ಟವನ ಬೀದಿಯನ್ನೂ ಎಂದಿಗೂ ಗುರುತಿಸಬೇಡಿ.

ನಕ್ಷೆಯು ಸುಳ್ಳು ಹೇಳದೆಯೂ ದಾರಿ ತಪ್ಪಿಸಬಲ್ಲದು ಎಂಬುದನ್ನೂ ಹೇಳಬೇಕು. ಜನಸಂಖ್ಯೆ ಹೆಚ್ಚಿರುವಲ್ಲಿ ಪ್ರಕರಣಗಳ ಸಂಖ್ಯೆಯೂ ಸಹಜವಾಗಿ ಹೆಚ್ಚು. ಜನಸಂಖ್ಯೆಗೆ ಭಾಗಿಸದೆ ಬರಿಯ ಸಂಖ್ಯೆಯನ್ನು ಬಣ್ಣಗಳಲ್ಲಿ ತೋರಿಸಿದರೆ ಪೇಟೆಗಳೆಲ್ಲ ಕಡುಗೆಂಪಾಗಿ ಕಾಣುತ್ತವೆ, ಹಳ್ಳಿಗಳ ಸಂಕಟ ಮರೆಯಾಗುತ್ತದೆ. ಜನರು ಸಂದೇಶ ಕಳುಹಿಸುವ ನಕ್ಷೆಯಲ್ಲಿ ಮೊಬೈಲ್ ಇರುವವರ ನೋವು ಮಾತ್ರ ದಾಖಲಾಗುತ್ತದೆ. ಮೊಬೈಲ್ ಇಲ್ಲದ ವೃದ್ಧೆಯ ಊರು ಶಾಂತವಾಗಿದೆಯೆಂದು ತೋರುತ್ತದೆ. ಪೊಲೀಸ್ ದೂರುಗಳ ನಕ್ಷೆಯು ದೂರು ನೀಡಲು ಧೈರ್ಯವಿದ್ದವರ ನಕ್ಷೆ. ಆದ್ದರಿಂದ ಖಾಲಿ ಜಾಗವೆಂದರೆ ಅಲ್ಲಿ ಏನೂ ನಡೆದಿಲ್ಲ ಎಂದರ್ಥವಲ್ಲ. ಉಪಗ್ರಹ ಚಿತ್ರವಾದರೆ ಅದನ್ನು ತೆಗೆದ ದಿನಾಂಕ ಯಾವುದೆಂಬುದನ್ನು ಮೊದಲು ನೋಡಬೇಕು. ನಾವು ಪರದೆಯ ಮೇಲೆ ಕಾಣುವುದು ಇಂದಿನ ನೋಟವೆಂದು ಭಾವಿಸುತ್ತೇವೆ. ಅದು ಎರಡು ವರ್ಷಗಳ ಹಿಂದಿನದಾಗಿರಬಹುದು.

ಇವೆಲ್ಲ ದೂರದೇಶಗಳ ಕತೆಗಳು, ನಮಗೇನು ಎಂದು ತಾವು ಕೇಳಬಹುದು. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿಯು ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿಯೆಂದು ಅಂದಾಜಿಸಿತು. ಮುಖ್ಯಮಂತ್ರಿಯವರು ರಾಜೀನಾಮೆ ನೀಡಬೇಕಾಯಿತು. ಆ ಇಡೀ ವಿವಾದದ ಒಂದು ಮುಖ್ಯ ಪ್ರಶ್ನೆ ‘ಎಲ್ಲಿ’ ಎಂಬುದೇ ಆಗಿತ್ತು. ಗುತ್ತಿಗೆಯ ನಕ್ಷೆಯಲ್ಲಿ ಗಡಿ ಎಲ್ಲಿದೆ, ಅಗೆದ ಗುಂಡಿ ಎಲ್ಲಿದೆ? ಸುಪ್ರೀಮ್ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿಯು ಗಣಿಗಳ ಗಡಿಗಳನ್ನು ಅಳೆಯಿಸಿ, ಗಡಿ ಮೀರಿದ ಪ್ರಮಾಣಕ್ಕೆ ಅನುಗುಣವಾಗಿ ಅವನ್ನು ಎ, ಬಿ, ಸಿ ಎಂದು ವಿಂಗಡಿಸಿತು. 2013ರ ಎಪ್ರಿಲ್‌ನಲ್ಲಿ ಕೋರ್ಟು ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಕಾಗದದ ಮೇಲಿನ ಗೆರೆ ಮತ್ತು ನೆಲದ ಮೇಲಿನ ಗಾಯ ತಾಳೆಯಾಗದಿದ್ದುದೇ ಅಲ್ಲಿ ಸಾಕ್ಷ್ಯ.

ಇಂದು ಅಂತಹ ತಾಳೆ ನೋಡುವ ಸಾಧನಗಳು ನಮ್ಮ ಕಿಸೆಯಲ್ಲಿವೆ. ರಾಜ್ಯ ಸರಕಾರದ್ದೇ ಆದ ‘ದಿಶಾಂಕ್’ ಆ್ಯಪ್ ನಾವು ನಿಂತ ನೆಲದ ಸರ್ವೇ ನಂಬರನ್ನು ತೋರಿಸುತ್ತದೆ. ‘ಭೂಮಿ’ ಯೋಜನೆಯಡಿ ಪಹಣಿ ಲಭ್ಯವಿದೆ. 2005ರ ಮಾಹಿತಿ ಹಕ್ಕು ಕಾನೂನಿದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳಿವೆ. ಊರಿನ ಕೆರೆ ಹತ್ತು ವರ್ಷಗಳ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ? ರಾಜಕಾಲುವೆಯ ಮೇಲೆ ಕಟ್ಟಡ ಎದ್ದದ್ದು ಯಾವ ವರ್ಷ, ಅದಕ್ಕೆ ಅನುಮತಿ ಕೊಟ್ಟದ್ದು ಯಾವ ವರ್ಷ? ಬಡವರ ಬಡಾವಣೆಗೆ ಮಂಜೂರಾದ ಚರಂಡಿ ಕಡತದಲ್ಲಿ ಮುಗಿದಿದ್ದು ನೆಲದಲ್ಲಿ ಎಲ್ಲಿದೆ? ಈ ಪ್ರಶ್ನೆಗಳಿಗೆ ರಾಜಧಾನಿಯ ವರದಿಗಾರ ಬರಬೇಕಾಗಿಲ್ಲ. ಊರಿನ ಇಬ್ಬರು ವಿದ್ಯಾರ್ಥಿಗಳು, ಓರ್ವ ನಿವೃತ್ತ ಶಿಕ್ಷಕರು ಮತ್ತು ಒಂದು ಸಣ್ಣ ಪತ್ರಿಕೆ ಸಾಕು. ಒಂದೇ ಷರತ್ತು: ಒತ್ತುವರಿ ಮಾಡಿದವರು ನಮ್ಮವರೇ ಆದಾಗಲೂ ಆ ಚುಕ್ಕಿಯನ್ನು ನಕ್ಷೆಯಿಂದ ಅಳಿಸಬಾರದು. ಸ್ವಂತದವರ ವಿರುದ್ಧ ನುಡಿಯಲಾರದ ಸಾಕ್ಷಿಯನ್ನು ಇತರರ ವಿರುದ್ಧವೂ ಯಾರೂ ನಂಬುವುದಿಲ್ಲ. ಪ್ರಕಟಿಸುವವರು ಇನ್ನೊಂದನ್ನು ನೆನಪಿಡಬೇಕು. ದೇಶದ ಗಡಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯಂತೆಯೇ ತೋರಿಸಬೇಕೆಂಬ ಕಾನೂನು ಈಗಲೂ ಜಾರಿಯಲ್ಲಿದೆ.

ಕೊನೆಯದಾಗಿ, ಪತ್ರಕರ್ತರಿಗಿಂತಲೂ ಹೆಚ್ಚಾಗಿ ಇಲ್ಲಿ ನೆರೆದಿರುವ ತಂದೆ ತಾಯಂದಿರಿಗೆ ಮತ್ತು ಯುವಕರಿಗೆ ಒಂದು ಮಾತು. 2013ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಉತ್ತರ ಪ್ರದೇಶದ ಮುಝಫ್ಫರ್‌ನಗರದಲ್ಲಿ ಗುಂಪೊಂದು ಇಬ್ಬರು ಯುವಕರನ್ನು ಬಡಿದು ಕೊಲ್ಲುವ ವೀಡಿಯೊ ಹರಡಿತು. ಅದು ಅಲ್ಲಿನದ್ದೇ ಎಂದು ನಂಬಿಸಲಾಯಿತು. ವಾಸ್ತವದಲ್ಲಿ ಅದು 2010ರಲ್ಲಿ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ನಡೆದ ಘಟನೆ. ಆ ವೀಡಿಯೊ ಸಿಟ್ಟಿಗೆ ತುಪ್ಪ ಸುರಿಯಿತು. ಅಂದಿನ ಗಲಭೆಯಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿ ಸತ್ತರು, ಸಾವಿರಾರು ಕುಟುಂಬಗಳು ಶಿಬಿರಗಳಿಗೆ ಓಡಿಹೋದವು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು.

ಅದಕ್ಕೂ ಒಂದು ವರ್ಷ ಮೊದಲು, 2012ರಲ್ಲಿ, ಇದಕ್ಕೆ ವಿರುದ್ಧ ದಿಕ್ಕಿನ ಘಟನೆಯೊಂದು ಜರಗಿತ್ತು. ಬರ್ಮಾದಲ್ಲಿ ಮುಸ್ಲಿಮರ ಮೇಲೆ ನಡೆದ ದೌರ್ಜನ್ಯ ನಿಜವೇ ಆಗಿತ್ತು. ಆದರೆ ಅದರ ಹೆಸರಿನಲ್ಲಿ ಮುಸ್ಲಿಮರ ನಡುವೆ ಕೈಯಿಂದ ಕೈಗೆ ಸಾಗಿದ ಚಿತ್ರಗಳಲ್ಲಿ, ಹೆಣಗಳ ರಾಶಿಯ ನಡುವೆ ಬೌದ್ಧ ಭಿಕ್ಷುಗಳು ನಿಂತಿರುವ ಒಂದು ಚಿತ್ರವಿತ್ತು. ಅದು 2010ರ ಎಪ್ರಿಲ್‌ನಲ್ಲಿ ಚೀನಾದ ಯೂಶೂ ಎಂಬಲ್ಲಿ ಸಂಭವಿಸಿದ ಭೂಕಂಪದ್ದು. ಆ ಟಿಬೆಟನ್ ಭಿಕ್ಷುಗಳು ಸತ್ತವರ ಅಂತ್ಯಕ್ರಿಯೆಗೆ ನೆರವಾಗುತ್ತಿದ್ದರು. ಶವಸಂಸ್ಕಾರ ಮಾಡಿದವರನ್ನೇ ಕೊಲೆಗಾರರೆಂದು ತೋರಿಸಲಾಯಿತು! ಅಂತಹ ಚಿತ್ರಗಳೂ ವದಂತಿಗಳೂ ಸೇರಿ ಅದೇ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನಿಂದ ಸಾವಿರಾರು ಈಶಾನ್ಯ ಭಾರತೀಯರು ಜೀವಭಯದಿಂದ ಗುವಾಹಟಿಯ ರೈಲು ಹತ್ತುವಂತಾಯಿತು.

ಎರಡೂ ಘಟನೆಗಳಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಒಂದೇ. ಇದು ಎಲ್ಲಿಯದು? ಅಂಗಡಿಯ ಫಲಕದಲ್ಲಿ ಯಾವ ಲಿಪಿಯಿದೆ, ವಾಹನದ ನಂಬರ್ ಪ್ಲೇಟ್ ಯಾವ ದೇಶದ್ದು, ಹಿನ್ನೆಲೆಯ ಬೆಟ್ಟ ಯಾವುದು, ನೆರಳು ಎತ್ತ ಬಿದ್ದಿದೆ? ಕ್ಯಾಮರೂನಿನ ತಾಯಂದಿರಿಗೆ ನ್ಯಾಯದ ಬಾಗಿಲು ತೆರೆದ ಇದೇ ಪ್ರಶ್ನೆಗಳು ನಮ್ಮ ಬೀದಿಗಳಲ್ಲಿ ಬೆಂಕಿ ಹತ್ತದಂತೆ ತಡೆಯಬಲ್ಲವು. ಅದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ, ಒಂದಿಷ್ಟು ಸಂಯಮ ಸಾಕು. ವೀಡಿಯೊ ಕೈಗೆ ಬಂದಾಗ ಅದನ್ನು ಮುಂದಕ್ಕೆ ಕಳುಹಿಸುವ ಮೊದಲು ಮನೆಯ ಮಕ್ಕಳೊಂದಿಗೆ ಕುಳಿತು ಹತ್ತು ನಿಮಿಷ ಅದರ ಸ್ಥಳವನ್ನು ಹುಡುಕಿ. ಸ್ಥಳ ಸಿಗದಿದ್ದರೆ ಅದು ನಿಮ್ಮ ಮೊಬೈಲಿನಿಂದ ಮುಂದೆ ಹೋಗದಿರಲಿ. ನಿಮ್ಮ ಕಣ್ಣೆದುರೇ ಅನ್ಯಾಯ ನಡೆದರೆ, ಅದನ್ನು ಚಿತ್ರೀಕರಿಸುವಾಗ ಮುಖಗಳನ್ನು ಮಾತ್ರವಲ್ಲ, ಸುತ್ತಲಿನ ಕಟ್ಟಡ, ರಸ್ತೆ, ಮರಗಳನ್ನೂ ಸೆರೆಹಿಡಿಯಿರಿ. ಮೂಲ ಪ್ರತಿಯನ್ನು ಅಳಿಸದೆ ಕಾಪಾಡಿ. ನಾಳೆ ‘ಇದು ಇಲ್ಲಿಯದಲ್ಲ’ ಎಂದು ಯಾರಾದರೂ ಹೇಳಿದಾಗ ಆ ಮರ ನಿಮ್ಮ ಪರವಾಗಿ ನುಡಿದೀತು.

ನಮ್ಮ ಪತ್ರಿಕೆಗಳು ತಲಾ ಒಬ್ಬರಿಬ್ಬರು ಯುವ ವರದಿಗಾರರಿಗೆ ಈ ವಿದ್ಯೆಯಲ್ಲಿ ತರಬೇತಿ ಕೊಡಬೇಕೆಂದೂ, ನಮ್ಮ ಕಾಲೇಜುಗಳು ಇದನ್ನು ಪಠ್ಯದ ಜೊತೆಗೆ ಕಲಿಸಬೇಕೆಂದೂ ವಿನಂತಿಸುತ್ತೇವೆ.